ಆಪಲ್‌ಕ್ರಾಸ್ ಸುತ್ತಲು ಬಾಡಿಗೆ ಸೈಕಲ್: ಗೇರಿಗೆ ಶಭಾಷ್, ಕೊಕ್ಕೆಗೆ ಸೊನ್ನೆ

ಸ್ಕಾಟ್ಲೆಂಡಿನ ಆಪಲ್‌ಕ್ರಾಸ್ ಸುತ್ತಲು ಇನ್ವರ್ನೆಸ್‌ನ ಅಂಗಡಿಯೊಂದರಲ್ಲಿ ಟೂರಿಂಗ್ ಸೈಕಲ್ ಬಾಡಿಗೆಗೆ ತಗೊಂಡೆವು. ನನಗೊಂದು, ಹೆಂಡತಿಗೊಂದು. ಗೇರುಗಳಿಗೆ ಪೂರ್ತಿ ಅಂಕ. ಟಾರ್ನಾಪ್ರೆಸ್‌ನಲ್ಲಿ ಸಮುದ್ರ ಮಟ್ಟದಲ್ಲಿರುವ ರಸ್ತೆ ಬೆಲಖ್ ನ ಬಾ ಘಾಟಿಯಲ್ಲಿ 626 ಮೀಟರ್‌ಗೆ ಏರುತ್ತದೆ. ಕೆಲವು ಕಡೆ ಏರು ಶೇ. 20ರಷ್ಟು. ಮೇಲೆ ಲಗೇಜು ಬೇರೆ! ಕೊನೆಯ ಹೇರ್‌ಪಿನ್‌ಗಳಲ್ಲಿ ಆಗುಂಬೆ ನೆನಪಾಯಿತು. ಆದರೆ ಇಲ್ಲಿ ಒಂದು ಮರದ ನೆರಳೂ ಇಲ್ಲ, ಬರೀ ಗಾಳಿ.

ಹಿಂದಿನ ಬ್ಯಾಗಿನ ಕೊಕ್ಕೆ ಮಾತ್ರ ಸಡಿಲ. ಪ್ರತಿ ಗುಂಡಿಗೂ ಕಟಕಟ ಅನ್ನುತ್ತಿತ್ತು. ಇಳಿಜಾರಿನಲ್ಲಿ ಕಳಚಿಯೇ ಬಿತ್ತು, ದಾರದಲ್ಲಿ ಬಿಗಿದೆ. ಅಷ್ಟು ದುಡ್ಡು ತಗೊಳ್ಳುವವರು ಇದನ್ನು ನೋಡಬೇಕು, ಅಲ್ವಾ?

ರಸ್ತೆ ಒಂದೇ ಗಾಡಿಯಷ್ಟು ಅಗಲ. ಹಿಂದೆ ಕ್ಯಾಂಪರ್ ವ್ಯಾನ್ ಬಂದರೆ ಪಾಸಿಂಗ್ ಪ್ಲೇಸ್‌ನಲ್ಲಿ (ದಾರಿ ಬಿಡಲೆಂದು ರಸ್ತೆ ಅಗಲ ಮಾಡಿದ ಜಾಗ) ನಿಂತು ದಾರಿ ಬಿಡಿ, ಸುಮ್ನೆ ಜಂಭ ಬೇಡ.

ವಾಪಸ್ಸಿಗೆ ಶೀಲ್ಡೇಗ್ ಕಡೆಯ ಕರಾವಳಿ ರಸ್ತೆ ಹಿಡಿಯಿರಿ. ನೀರಿನಾಚೆ ರಾಸೆ, ಸ್ಕೈ ದ್ವೀಪಗಳು ಕಾಣುತ್ತವೆ. ಕರಾವಳಿ ಅಂತ ಸಪಾಟು ಅಂದುಕೊಳ್ಳಬೇಡಿ, ಸಣ್ಣ ಸಣ್ಣ ಏರಿಳಿತ ಮುಗಿಯುವುದೇ ಇಲ್ಲ. ಘಾಟಿಗಿಂತ ಇದೇ ಜಾಸ್ತಿ ಸುಸ್ತು ಮಾಡಿತು.

ಬೇಸಿಗೆಯಲ್ಲಿ ಹೋಗುವವರು ತಲೆಗೆ ಹಾಕುವ ಬಲೆ ಒಯ್ಯಿರಿ. ಗಾಳಿ ನಿಂತರೆ ಸಾಕು, ಮಿಡ್ಜ್ ನುಸಿಗಳು ಮುತ್ತುತ್ತವೆ.