ಲೇಬಲ್ಲಿನಲ್ಲಿ 500 ಆಂಪಿಯರ್, ತಂತಿಯ ತುದಿಯಲ್ಲಿ 60: ಎರಡು ವರ್ಷ ಬಳಸಿದ ಲಿಪೊ ಜೋಡಿ

ಬ್ಯಾಟರಿಯ ಮೈಮೇಲೆ ಬಂಗಾರದ ಬಣ್ಣದಲ್ಲಿ '100ಸಿ' ಎಂದು ಮುದ್ರಿಸಿ, ಅದರ ತಂತಿಯ ತುದಿಗೆ ಹಳದಿ ಎಕ್ಸ್‌ಟಿ 60 ಕನೆಕ್ಟರ್ ಬೆಸೆದು ಕಳುಹಿಸಿದವರ ಮೇಲಿನ ಸಿಟ್ಟು ಎರಡು ವರ್ಷವಾದರೂ ನನಗೆ ಪೂರ್ತಿ ಇಳಿದಿಲ್ಲ. 5000 ಎಂಎಎಚ್, ಎಂದರೆ ಒಂದು ಗಂಟೆ 5 ಆಂಪಿಯರ್ ಕೊಡುವಷ್ಟು ತುಂಬಿರುವ ಬ್ಯಾಟರಿಗೆ 100ಸಿ ಎಂದರೆ ಅದರ ನೂರು ಪಟ್ಟು, ನಿರಂತರವಾಗಿ 500 ಆಂಪಿಯರ್ ಕೊಡಬಲ್ಲೆ ಎಂಬ ಮಾತು. ಕನೆಕ್ಟರಿನ ಹೆಸರಿನಲ್ಲಿರುವ 60 ಅದರ ಆಂಪಿಯರ್ ಮಿತಿ. ಐನೂರು ಜನರನ್ನು ಊಟಕ್ಕೆ ಕರೆದು ಅರವತ್ತು ಎಲೆ ಹಾಕಿದಂತಾಯಿತು.

ನಾನು ಕಲಬುರಗಿಯಲ್ಲಿ ಪ್ರೌಢಶಾಲೆಯ ಶಿಕ್ಷಕ. ಸುಮಾರು 90 ಸೆಂಟಿಮೀಟರ್ ಉದ್ದದ ರಿಮೋಟ್ ದೋಣಿಯನ್ನು ಭಾನುವಾರ ಬೆಳಗ್ಗೆ ಆಳಂದ ಕಡೆಯ ನಮ್ಮ ಊರಿನ ಕೆರೆಯಲ್ಲಿ ಓಡಿಸುತ್ತೇನೆ. ಈ ಹವ್ಯಾಸಕ್ಕೆ ವರ್ಷಕ್ಕೆ ಇಷ್ಟೇ ಎಂದು ಮನೆಯಲ್ಲಿ ಒಪ್ಪಂದವಾಗಿರುವುದರಿಂದ, ಜೋಡಿಗೆ ಒಂಬತ್ತು ಸಾವಿರ ರೂಪಾಯಿ ಕೊಟ್ಟು ಮೂರು ಸೆಲ್ಲಿನ ಎರಡು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ತರಿಸಿದ್ದು ನನ್ನ ಮಟ್ಟಿಗೆ ದೊಡ್ಡ ಖರೀದಿಯೇ ಆಗಿತ್ತು. ಅಳತೆ, ತೂಕ, ಬಣ್ಣಗಳ ವಿವರ ಮಾರಾಟದ ಪುಟದಲ್ಲಿಯೇ ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನ್ನು ಸರಣಿಯಲ್ಲಿ ಜೋಡಿಸಿ ಆರು ಸೆಲ್ ಮಾಡಿಕೊಳ್ಳಲು ಕಾರಣವಿದೆ. ಕಾರಿನ ಆಟಿಕೆ ಒಮ್ಮೆ ವೇಗ ಪಡೆದ ಮೇಲೆ ಉರುಳುತ್ತದೆ. ದೋಣಿಯ ಪ್ರೊಪೆಲ್ಲರ್ ಮಾತ್ರ ನೀರನ್ನು ತಳ್ಳುತ್ತಲೇ ಇರಬೇಕಾಗುತ್ತದೆ, ಅದಕ್ಕೆ ವಿಶ್ರಾಂತಿಯೆಂಬುದಿಲ್ಲ. 1500 ವ್ಯಾಟ್ ಬೇಕೆಂದರೆ ನಾಲ್ಕು ಸೆಲ್ಲಿನ 14.8 ವೋಲ್ಟಿನಲ್ಲಿ ಸುಮಾರು 101 ಆಂಪಿಯರ್ ಎಳೆಯಬೇಕು, ಆರು ಸೆಲ್ಲಿನ 22.2 ವೋಲ್ಟಿನಲ್ಲಿ 68 ಸಾಕು. ತಂತಿ ಮತ್ತು ಬೆಸುಗೆಗಳಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಕೆಲಸಕ್ಕೆ ನಾಲ್ಕು ಸೆಲ್ಲಿನ ದೋಣಿ ಎರಡೂಕಾಲು ಪಟ್ಟು ಹೆಚ್ಚು ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ವೋಲ್ಟ್ ಏರಿಸಿದವರು ಮೋಟಾರಿನ ಕೆವಿಯನ್ನು (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ) ಇಳಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು: 2250 ಕೆವಿ ಇದ್ದಲ್ಲಿಗೆ 1500 ಕೆವಿ ತಂದರೆ ತಿರುಗುವ ವೇಗ ಮೊದಲಿನಷ್ಟೇ ಉಳಿಯುತ್ತದೆ.

ಬಂದ ದಿನವೇ ಚಾರ್ಜರಿಗೆ ಹಾಕಿ ಒಳರೋಧ ನೋಡಿದೆ. ಸೆಲ್ಲಿಗೆ 3 ಮಿಲಿಓಮ್ ತೋರಿಸಿತು. ಕೆಟ್ಟದ್ದೇನೂ ಅಲ್ಲ, ಆದರೆ ಆ ಅಂಕಿಯನ್ನು ಹಿಡಿದು ಲೇಬಲ್ಲಿನ 500 ಆಂಪಿಯರನ್ನು ಲೆಕ್ಕ ಹಾಕಿದರೆ ಪ್ರತಿ ಸೆಲ್ಲಿನೊಳಗೇ 1.5 ವೋಲ್ಟ್ ಕರಗಬೇಕು, ಪ್ರತಿ ಸೆಲ್ಲೂ 750 ವ್ಯಾಟ್ ಬಿಸಿ ಹುಟ್ಟಿಸಬೇಕು. ಮೂರು ಸೆಲ್ಲಿಗೆ 2250 ವ್ಯಾಟ್ ಎಂದರೆ, ಬಕೆಟ್ ನೀರು ಕಾಯಿಸಲು ಇಳಿಬಿಡುವ 1500 ವ್ಯಾಟಿನ ಕಾಯಿಲ್ ಒಂದೂವರೆ ಸೇರಿದಂತೆ. ಅಂಗೈಯಗಲದ ಬ್ಯಾಟರಿಯಲ್ಲಿ ಅಷ್ಟು ಬಿಸಿ ಹುಟ್ಟಿದರೆ ಅದು ದೋಣಿಯಲ್ಲಿ ಉಳಿಯುವುದಿಲ್ಲ, ದೋಣಿಯೂ ಉಳಿಯುವುದಿಲ್ಲ. ಸಿ ಸಂಖ್ಯೆಯನ್ನು ನಂಬುವುದನ್ನು ನಾನು ಆ ಸಂಜೆಯೇ ಬಿಟ್ಟೆ.

ಲೇಬಲ್ಲನ್ನು ಮರೆತ ಮೇಲೆ ಬ್ಯಾಟರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗತೊಡಗಿತೆಂದು ಒಪ್ಪಿಕೊಳ್ಳಲೇಬೇಕು. ಮೊದಲ ವರ್ಷವಿಡೀ ಅದು ನನಗೆ ಒಂದು ಭಾನುವಾರವನ್ನೂ ಹಾಳು ಮಾಡಲಿಲ್ಲ. ಬೆಳಗಿನ ಐದಕ್ಕೆ ಎದ್ದು, ಹಿಂದಿನ ಮನೆಯ ಶಹಾಬಾದ್ ಪರಸಿಯ ಮೇಲೆ ಎರಡನ್ನೂ ಅಂತರವಿಟ್ಟು ಮಲಗಿಸಿ, 5 ಆಂಪಿಯರಿನಲ್ಲಿ, ಎಲ್ಲ ಸೆಲ್ಲುಗಳನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜ್ ಹಚ್ಚಿ, ಪಕ್ಕದಲ್ಲೇ ಚಹಾ ಹಿಡಿದು ಕೂರುತ್ತೇನೆ; ಚಾರ್ಜ್ ಆಗುತ್ತಿರುವ ಲಿಪೊವನ್ನು ಬಿಟ್ಟು ನಾನು ಬಚ್ಚಲಿಗೂ ಹೋಗುವುದಿಲ್ಲ. ಒಂದೊಂದು ಸೆಲ್ಲೂ 4.20 ವೋಲ್ಟಿಗೆ ಬಂದು ನಿಲ್ಲುವುದನ್ನು ನೋಡುವುದರಲ್ಲಿ, ಹಾಲು ಉಕ್ಕುವ ಮೊದಲೇ ಒಲೆ ಆರಿಸಿದಂಥ ಒಂದು ಸಮಾಧಾನವಿದೆ. ಕೆರೆಯ ದಂಡೆಯಲ್ಲಿ ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷ ಓಡಿಸಿ ತೆಗೆಯುತ್ತೇನೆ. ಮರಳಿ ಪೂರ್ತಿ ತುಂಬಿಸಿ ನೋಡಿದಾಗ ಚಾರ್ಜರ್ 3900 ಎಂಎಎಚ್ ತೋರಿಸಿತ್ತು, ಎಂದರೆ ಸರಾಸರಿ 58 ಆಂಪಿಯರಿನ ಓಟ, ಶೇ 22ರಷ್ಟು ಬ್ಯಾಟರಿಯಲ್ಲೇ ಉಳಿದಂತೆ. ಓಟ ಮುಗಿದ ದಿನ, ಮೈ ತಣ್ಣಗಾದ ಮೇಲಷ್ಟೇ, ಸೆಲ್ಲಿಗೆ 3.8 ವೋಲ್ಟ್ ಬರುವಂತೆ ಮಾಡಿ, ಮರಳು ಹಾಸಿದ ಮಣ್ಣಿನ ಗಡಿಗೆಯಲ್ಲಿಟ್ಟು, ಹೊಗೆ ಹೊರಹೋಗಲು ದಾರಿಯಿರಲೆಂದು ಮೇಲೆ ಸಡಿಲವಾಗಿ ಒಂದು ಬಿಲ್ಲೆ ಮುಚ್ಚುತ್ತೇನೆ. "ಈ ಗಡಿಗ್ಯಾಗ ಏನ್ ಇಟ್ಟೀರಿ, ಉಪ್ಪಿನಕಾಯೇನು?" ಎಂದು ನಮ್ಮ ಅತ್ತೆಯವರು ಒಮ್ಮೆ ಕೇಳಿದ್ದರು.

ತಂತಿಯ ವಿಷಯದಲ್ಲಿ ತಪ್ಪುಗಳೆಲ್ಲ ನನ್ನವೇ. ಬ್ಯಾಟರಿಗೆ 12 ಗೇಜ್ ತಂತಿ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ) ಕೊಟ್ಟಿದ್ದಾರೆಂದು ಗಲಾಟೆ ಮಾಡಿ, ಕೂದಲೆಳೆಯಂಥ ನೂರಾರು ಎಳೆಗಳಿರುವ, ಸಿಲಿಕಾನ್ ಹೊದಿಕೆಯ 10 ಗೇಜ್ ತಂತಿ ತಂದು ಎಲ್ಲವನ್ನೂ ಬದಲಿಸಿದೆ. ನಂತರ ಲೆಕ್ಕ ಹಾಕಿ ನಕ್ಕೆ. 80 ಆಂಪಿಯರ್ ಹರಿದಾಗ, ಹೋಗಿಬರುವ ಒಟ್ಟು 60 ಸೆಂಟಿಮೀಟರ್ ತಂತಿಯಲ್ಲಿ 12 ಗೇಜಿನದು ಸುಮಾರು 20 ವ್ಯಾಟ್ ತಿಂದರೆ 10 ಗೇಜಿನದು 13 ವ್ಯಾಟ್ ತಿನ್ನುತ್ತದೆ; ಅದೇ ಹೊತ್ತಿನಲ್ಲಿ ಆರು ಸೆಲ್ಲುಗಳ ಒಳರೋಧ 115 ವ್ಯಾಟ್ ನುಂಗುತ್ತಿರುತ್ತದೆ. ಗಾಳಿಯಾಡದ ದೋಣಿಯೊಳಗೆ ಆ ಏಳು ವ್ಯಾಟೂ ಲಾಭವೇ, ಆದರೆ ದೋಣಿಯನ್ನು ನಿಲ್ಲಿಸಿದ್ದು ದಪ್ಪವಲ್ಲ, ಬೆಸುಗೆ. ನನ್ನ 25 ವ್ಯಾಟಿನ ಕಡ್ಡಿ ಅಷ್ಟು ದಪ್ಪ ತಾಮ್ರವನ್ನು ಕಾಯಿಸಲಾರದೆ ಹಸಿ ಬೆಸುಗೆ ಹಾಕಿತ್ತು. ಕೆರೆಯ ನಡುವೆ ಬುಲೆಟ್ ಕನೆಕ್ಟರ್ ಕಾಯ್ದು ಕಳಚಿಕೊಂಡಿತು. ಥರ್ಮಾಕೋಲ್ ತೆಪ್ಪದ ಮೇಲೆ ಬಲೆ ಹಾಕುತ್ತಿದ್ದವರು ದೋಣಿಯನ್ನು ಎತ್ತಿ ತಂದುಕೊಟ್ಟರು. ಮರುದಿನ ಸೂಪರ್ ಮಾರ್ಕೆಟ್ಟಿನ ಹತ್ತಿರ ಮೋಟಾರ್ ರಿವೈಂಡಿಂಗ್ ಮಾಡುವವರ ಬಳಿ ಒಯ್ದಾಗ ಅವರು ನನ್ನ ಬೆಸುಗೆಯನ್ನು ಉಗುರಿನಿಂದ ಕೆರೆದು, "ಸರ, ಆ ಕಡ್ಡೀಲೆ ರೇಡಿಯೊ ರಿಪೇರಿ ಮಾಡ್ರಿ, ಇದಕ್ಕ ಅದು ಆಗಂಗಿಲ್ಲ" ಎಂದರು. ಅವರು ದಪ್ಪ ತುದಿಯ ದೊಡ್ಡ ಕಡ್ಡಿಯಿಂದ ಮೊದಲು ಬುಲೆಟ್ಟಿನ ಬಟ್ಟಲನ್ನು ಕಾಯಿಸಿ, ಅದರಲ್ಲಿ ತವರ ಕರಗಿ ಕನ್ನಡಿಯಂತೆ ಹೊಳೆದ ಮೇಲೆ ತಂತಿಯನ್ನು ಇಳಿಸಿ, ತಣಿಯುವ ತನಕ ಕೈ ಅಲುಗದಂತೆ ಹಿಡಿದರು. ಆ ಬೆಸುಗೆ ಇಂದಿಗೂ ಹಾಗೆಯೇ ಇದೆ. ಎಕ್ಸ್‌ಟಿ 60 ಜಾಗಕ್ಕೆ ಕಿಡಿ ತಡೆಯುವ ಎಕ್ಸ್‌ಟಿ 90-ಎಸ್ ಅನ್ನೂ ಆಗಲೇ ಹಾಕಿಸಿದೆ. ಆರು ಸೆಲ್ ಸಿಕ್ಕಿಸುವಾಗ ಚಟ್ಟೆಂದು ಹಾರುತ್ತಿದ್ದ ಕಿಡಿ ನಿಂತಿತು.

ಇನ್ನೊಂದು ತಪ್ಪಿಗೆ ದುಡ್ಡು ಹೆಚ್ಚು ಹೋಯಿತು. ದೋಣಿಯ ತೂಕದ ಕೇಂದ್ರ ಹಿಂಬದಿಯಿಂದ ಉದ್ದದ ಶೇ 30ರ ಆಸುಪಾಸಿನಲ್ಲಿ ಇರಲೆಂದು ಬ್ಯಾಟರಿಗಳನ್ನು ಮುಂದಕ್ಕೆ ಸರಿಸಿ, ಅವುಗಳಿಂದ ಇಎಸ್‌ಸಿಗೆ (ಮೋಟಾರಿನ ವೇಗ ನಿಯಂತ್ರಿಸುವ ಸಾಧನಕ್ಕೆ) ಹೋಗುವ ತಂತಿಯನ್ನು ಒಂದು ಅಡಿ ಬೆಳೆಸಿದೆ. ಇಎಸ್‌ಸಿ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕತ್ತರಿಸಿ ಬಿಡುತ್ತಿರುತ್ತದೆ. ಉದ್ದ ತಂತಿ ಆ ಏರಿಳಿತಕ್ಕೆ ಅಡ್ಡ ನಿಲ್ಲುವುದರಿಂದ ಹೊರೆಯೆಲ್ಲ ಇಎಸ್‌ಸಿಯ ಕೆಪಾಸಿಟರುಗಳ ಮೇಲೆ ಬೀಳುತ್ತದೆ. ಮೂರನೆಯ ಓಟದಲ್ಲಿ ಒಂದು ಕೆಪಾಸಿಟರಿನ ತಲೆ ಉಬ್ಬಿ ಒಡೆಯಿತು. ಈಗ ಇಎಸ್‌ಸಿಯನ್ನೇ ಬ್ಯಾಟರಿಯ ಪಕ್ಕಕ್ಕೆ ತಂದು, ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಉದ್ದ ಮಾಡಿದ್ದೇನೆ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಮದುವೆಯೊಂದಕ್ಕೆ ಹೊರಟು, ಪೂರ್ತಿ ತುಂಬಿದ ಜೋಡಿಯನ್ನು ತಗಡಿನ ಕೋಣೆಯಲ್ಲಿ ಆರು ದಿನ ಬಿಟ್ಟೆ. ಹೊರಗೇ 42 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಆ ಕೋಣೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮರಳಿ ಬಂದಾಗ ಒಂದು ಬ್ಯಾಟರಿ ದಿಂಬಿನಂತೆ ಊದಿತ್ತು. ಇದರಲ್ಲಿ ಮಾರಿದವರ ತಪ್ಪಿಲ್ಲ, ನಾನು ದೂರನ್ನೂ ಕೊಡಲಿಲ್ಲ. ಆದರೆ ಉಳಿತಾಯದ ಆಸೆಗೆ ಒಂದನ್ನೇ ಹೊಸದು ತರಿಸಿ ಹಳೆಯದರ ಜೊತೆ ಕಟ್ಟಿದ್ದು ಶುದ್ಧ ದಡ್ಡತನ. ಇಎಸ್‌ಸಿ ನೋಡುವುದು ಒಟ್ಟು ವೋಲ್ಟನ್ನು ಮಾತ್ರ. ಸೆಲ್ಲಿಗೆ 3.4ರಂತೆ 20.4ಕ್ಕೆ ನಿಲ್ಲಿಸು ಎಂದು ಹೇಳಿಟ್ಟರೂ, ಹೊಸದರ ಸೆಲ್ಲುಗಳು 3.8ರಲ್ಲಿದ್ದು ಹಳೆಯದರವು 3.0ಕ್ಕೆ ಕುಸಿದಿದ್ದರೆ ಅದಕ್ಕೆ ಕಾಣುವುದು ಅದೇ 20.4. ದಂಡೆಗೆ ತಂದು, ಒಂದೊಂದು ಸೆಲ್ಲಿನ ವೋಲ್ಟನ್ನೂ ತೋರಿಸುವ ಚೆಕರ್ ಸಿಕ್ಕಿಸಿದಾಗ ಹಳೆಯದರ ಒಂದು ಸೆಲ್ 2.7 ತೋರಿಸಿತು. ಅಲ್ಲಿಗೆ ಅದೂ ಮುಗಿಯಿತು.

ನನ್ನಂತೆ 60–70 ಆಂಪಿಯರಿನಲ್ಲಿ ನಾಲ್ಕು ನಿಮಿಷ ಓಡಿಸುವವರು ಈ ಬ್ಯಾಟರಿ ಕೊಳ್ಳಬಹುದು, ಕೊಳ್ಳುವಾಗಲೇ ಜೋಡಿಯಾಗಿ ಕೊಳ್ಳಬೇಕು, ಕನೆಕ್ಟರಿನ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಬೇಕು. ಸ್ಪರ್ಧೆಯ ದೋಣಿಗೆ ಇದು ಬೇಡ. ಇದೇ ವಸ್ತುವಿನ ಮೇಲೆ '30ಸಿ' ಎಂದು ಬರೆದು ಇದೇ ಬೆಲೆಗೆ ಮಾರಿದ್ದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೆ, ಈಗ ಎರಡೂವರೆ. ಊದಿದ ಬ್ಯಾಟರಿಯನ್ನು ಅಂಗಳದಲ್ಲಿ, ಹಳೆಯ ಕಾರಿನ ಹೆಡ್‌ಲೈಟ್ ಬಲ್ಬಿಗೆ ಕಟ್ಟಿ ಬರಿದು ಮಾಡಿದೆ. ಬಲ್ಬು ಅರ್ಧ ಗಂಟೆಯ ಮೇಲೆ ಉರಿದು, ಕೆಂಪಗಾಗಿ, ಆರಿತು.