ಅಡುಗೆ ವಿಡಿಯೊಗೆ ಮನೆಯಲ್ಲೇ ಲೈಟಿಂಗ್: ಕಿಟಕಿ, ಹ್ಯಾಲೋಜನ್, ಪಂಚೆ

ಅಕ್ಕನ ಅಡುಗೆ ವಿಡಿಯೊಗಳನ್ನು ನಾವು ತೆಗೆಯುವುದು ಫೋನ್‌ನಲ್ಲೇ. ಬೆಳಕು ಸಾಲದಿದ್ದರೆ ಫೋನ್ ತಾನಾಗಿ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿಕೊಳ್ಳುತ್ತದೆ, ಚಿತ್ರವೆಲ್ಲ ಕಾಳುಕಾಳು. ಹಾಗಾಗಿ ಕೈಯಲ್ಲಿದ್ದ ಎರಡು ಸಾವಿರ ರೂಪಾಯಿಯನ್ನು ಕ್ಯಾಮೆರಾ ಕಡೆ ಹಾಕದೆ ಬೆಳಕಿಗೇ ಹಾಕಿದೆ.

ಹಗಲಿನಲ್ಲಾದರೆ ಕಿಟಕಿಯನ್ನು ಮೀರಿಸುವುದು ಯಾವುದೂ ಇಲ್ಲ. ಒಲೆಯ ಎಡಕ್ಕೆ ಕಿಟಕಿ, ಬಲಕ್ಕೆ ಐವತ್ತು ರೂಪಾಯಿ ಆಸುಪಾಸಿನ ಒಂದು ಥರ್ಮಾಕೋಲ್ ಹಾಳೆ. ನೆರಳಿನ ಕಡೆಗೂ ಬೆಳಕು ಮರಳಿ ಬರುತ್ತದೆ. ಹಾಳೆ ಒಲೆಯಿಂದ ಸಾಕಷ್ಟು ದೂರವಿರಲಿ, ಥರ್ಮಾಕೋಲ್ ಬೇಗ ಹೊತ್ತಿಕೊಳ್ಳುತ್ತದೆ. ಅದರ ಬದಲು ಕನ್ನಡಿ ಇಟ್ಟೂ ನೋಡಿದೆ. ಪಾತ್ರೆಯ ಮೇಲೆ ಕಣ್ಣು ಕುಕ್ಕುವ ಒಂದು ಚೌಕ ಬಿತ್ತು, ಉಳಿದದ್ದೆಲ್ಲ ಮೊದಲಿನ ಕತ್ತಲೆಯೇ. ಮೈಸೂರಿನವರಾದ ಹಿಂದಿ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿ 1950ರ ದಶಕದಲ್ಲಿ ಕನ್ನಡಿಗಳಿಂದಲೇ ಹೊರಗಿನ ಬಿಸಿಲನ್ನು ಸ್ಟುಡಿಯೊ ಒಳಗೆ ತಂದು ಬೆಳಕಿನ ಕೋಲು ಮೂಡಿಸಿದವರು. ಅವರಿಗೆ ಆ ಕೋಲೇ ಬೇಕಿತ್ತು. ನಮಗೆ ಬೇಕಾದದ್ದು ಹುಳಿಯ ಮೇಲೆ ಹರಡಿಕೊಳ್ಳುವ ಬೆಳಕು.

ಕಿಟಕಿಯ ತೊಂದರೆ ಮೋಡ. ಒಗ್ಗರಣೆಗೆ ಎಣ್ಣೆ ಕಾಯಿಸುವಾಗ ಇದ್ದ ಬಣ್ಣ ಸಾಸಿವೆ ಸಿಡಿಯುವ ಹೊತ್ತಿಗೆ ಇರುವುದಿಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಅಕ್ಕ ಕೆಲಸದಿಂದ ಬರುವುದೇ ಸಂಜೆ ಆರರ ಮೇಲೆ, ಆಗ ಕಿಟಕಿ ಇದ್ದೂ ಇಲ್ಲದಂತೆ.

ರಾತ್ರಿಗೆ ಮೊದಲು ಹೂಡಿದ್ದು 500 ವಾಟ್‌ನ ಹ್ಯಾಲೋಜನ್, ಹಿಂದೆ ಮದುವೆ ವಿಡಿಯೊದವರು ಹಿಡಿದು ಮುಖ ಬೇಯಿಸುತ್ತಿದ್ದರಲ್ಲ, ಆ ಜಾತಿಯದು. ಬಣ್ಣದ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಅಳೆಯುವ ಸಿಆರ್‌ಐ ಅದಕ್ಕೆ ನೂರರ ಹತ್ತಿರ. ಮನೆಬಳಕೆಯ ಎಲ್‌ಇಡಿಗೆ ಸಾಮಾನ್ಯವಾಗಿ 80ರ ಸುಮಾರು. ಆ ಕೊರತೆ ಎದ್ದು ಕಾಣುವುದು ಕೆಂಪಿನಲ್ಲಿ. ಹ್ಯಾಲೋಜನ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿಯಾಗಿಯೇ ಕಂಡಿತು. ಆದರೆ ಗೋಡೆಗೆ ತಿರುಗಿಸಿಟ್ಟರೂ ಸಣ್ಣ ಅಡುಗೆಮನೆ ಸ್ವಲ್ಪ ಹೊತ್ತಿಗೇ ಕುಲುಮೆ. ಫ್ಯಾನ್ ಹಾಕಿದರೆ ಒಲೆಯ ಉರಿ ಅಲ್ಲಾಡುತ್ತದೆ, ಮೈಕ್‌ಗೂ ಅದೇ ಗಾಳಿ ಸದ್ದು. ಮೇಲಾಗಿ ಅದರ ಮುಂದೆ ಬಟ್ಟೆ, ಬಟರ್ ಪೇಪರ್ ಏನನ್ನೂ ಕಟ್ಟುವಂತಿಲ್ಲ, ಬೆಂಕಿಯ ಭಯ. ಅಕ್ಕ ಸೆರಗಿನಿಂದ ಬೆವರು ಒರೆಸಿಕೊಂಡು, "ಇದನ್ನ ಆಚೆ ಇಡ್ತೀಯೋ, ನಾನೇ ಆಚೆ ಹೋಗ್ಲೋ?" ಅಂದಳು. ಆಚೆ ಇಟ್ಟೆ.

ಗೆದ್ದದ್ದು ಪಂಚೆ. ನಾಲ್ಕಡಿಯ 20 ವಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಪಟ್ಟಿ ದೀಪ) ಎರಡನ್ನು ಪ್ಲೈವುಡ್ ಪಟ್ಟಿಗೆ ಅಕ್ಕಪಕ್ಕ ಬಿಗಿದು, ಅದರ ಮುಂದೆ ಒಂದಡಿ ಬಿಟ್ಟು ಹಳೆಯ ಬಿಳಿ ಪಂಚೆ ಇಳಿಬಿಟ್ಟೆ. ಆ ಒಂದಡಿಯಲ್ಲೇ ಎಲ್ಲ ಇದೆ. ಬಟ್ಟೆಯನ್ನು ಬ್ಯಾಟನ್‌ಗೆ ಅಂಟಿಸಿದಂತೆ ಕಟ್ಟಿದರೆ ಸ್ಟೀಲ್ ಪಾತ್ರೆಯಲ್ಲಿ ಎರಡು ಬಿಳಿ ಗೆರೆ ಹಾಗೇ ಕಾಣುತ್ತವೆ; ದೂರ ಸರಿಸಿದರೆ ಇಡೀ ಪಂಚೆಯೇ ದೀಪವಾಗಿ ನೆರಳಿನ ಅಂಚು ಕರಗುತ್ತದೆ. ಪಂಚೆಯನ್ನು ಒಲೆಯ ಉರಿಗೆ ಸಿಗದಂತೆ ಅಡುಗೆಗೆ ಆದಷ್ಟು ಹತ್ತಿರ ತರಬೇಕು, ಯಾಕೆಂದರೆ ಬಿಡಿ ಬಲ್ಬಾದರೆ ದೂರ ಎರಡರಷ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಪಂಚೆಯ ಬೆಳಕೂ ದೂರ ಹೋದಷ್ಟೂ ಸೊರಗುತ್ತದೆ, ನೆರಳೂ ಗಡುಸಾಗುತ್ತದೆ. ಅಂದ ಹಾಗೆ, ಕೆಂಪಂಚಿನ ಪಂಚೆಯಾದರೆ ಅಂಚನ್ನು ಹಿಂದಕ್ಕೆ ಮಡಚಿ.

ಬ್ಯಾಟನ್ ಕೊಳ್ಳುವಾಗ ಅಂಗಡಿಯಲ್ಲಿ ಸುಮ್ಮನೆ ಕೊಟ್ಟರೆ ಅದು 6500 ಕೆಲ್ವಿನ್‌ನ ನೀಲಿ ಬಿಳುಪಿನದೇ ಇರುತ್ತದೆ. ಕೆಲ್ವಿನ್ ಅಂಕಿ ಇಳಿದಷ್ಟೂ ಬೆಳಕು ಹಳದಿಯ ಕಡೆಗೆ; 4000 ಕೆಲ್ವಿನ್ ಅಂತ ಕೇಳಿ ತನ್ನಿ, ಮತ್ತು ಶೂಟ್ ಮಾಡುವಾಗ ಕೋಣೆಯ ಬೇರೆ ದೀಪಗಳನ್ನು ಆರಿಸಿ; ಇಲ್ಲದಿದ್ದರೆ ಕೆನ್ನೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮುಗಿಸಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಕಳಪೆ ಡ್ರೈವರ್‌ನ (ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟ್‌ನ) ಎಲ್‌ಇಡಿ ಒಂದು ಆವರ್ತಕ್ಕೆ ಎರಡು ಸಲದಂತೆ ಸೆಕೆಂಡಿಗೆ ನೂರು ಸಲ ಮಂಕಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಟೆಸ್ಟಿಂಗ್ ಬೋರ್ಡಿನಲ್ಲಿ ಹಚ್ಚಿಸಿ ಫೋನ್‌ನ ಸ್ಲೋ ಮೋಷನ್‌ನಲ್ಲಿ ನೋಡಿ. ಮಿಣುಕಿದರೆ ವಾಪಸ್ ಕೊಡಿ. ಮನೆಗೆ ತಂದಾಗಿದ್ದರೆ ಫೋನ್‌ನ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಕಟ್ಟಿಹಾಕಿದರೆ ಬಹುಮಟ್ಟಿಗೆ ತಪ್ಪುತ್ತದೆ.

ಕೊಂಡು ತರುವ ರಿಂಗ್ ಲೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖಕ್ಕೆ ಪರವಾಗಿಲ್ಲ. ಆದರೆ ಅಕ್ಕನ ಕನ್ನಡಕದಲ್ಲಿ ಎರಡು ಬಳೆ, ಬಾಣಲೆಯ ಎಣ್ಣೆಯಲ್ಲಿ ಇನ್ನೊಂದು.

ಸ್ಟ್ಯಾಂಡಿಗೆ ಪಿವಿಸಿ ಪೈಪೇ ಸಾಕು. ಕಂಬಕ್ಕೆ ಮುಕ್ಕಾಲಿಂಚಿನದು ಬಾಗಿತು, ಒಂದಿಂಚಿನದು ನಿಂತಿತು. ಬುಡ ಮರಳು ತುಂಬಿದ ಪೇಂಟ್ ಬಕೆಟ್‌ನಲ್ಲಿದೆ. ಎಲ್‌ಬೋ, ಟೀಗಳಿಗೆ ಸಲ್ಯೂಷನ್ ಹಾಕಿಲ್ಲ, ಬಿಚ್ಚಿ ಮಂಚದ ಕೆಳಗೆ ತಳ್ಳಬಹುದು. ಫೋನ್ ಹೋಲ್ಡರನ್ನೂ ಪೈಪಿಗೇ ಕೂರಿಸುವುದಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ, ಇಂಚಿಗೆ 20 ಎಳೆಯ ಬೋಲ್ಟೇ ಕೇಳಿ. ಆರು ಎಂಎಂ ಬೋಲ್ಟ್ ನೋಡಲು ಹಾಗೇ ಇರುತ್ತದೆ, ಹೋಲ್ಡರಿನ ತಿರುಪಿನ ತೂತಿಗೆ ಸಡಿಲವಾಗಿ ಒಳಗೂ ಹೋಗುತ್ತದೆ, ಆದರೆ ಎಳೆ ಹಿಡಿಯುವುದಿಲ್ಲ. ಕುದಿಯುವ ಸಾರಿನ ಮೇಲೆ ಫೋನ್ ನೇತುಹಾಕುವವರು ಅದನ್ನು ನಂಬಬಾರದು.