ಯಾವ ಲೈಬ್ರರಿ ಲಿಂಕ್ ಮಾಡಬೇಕು? ಮ್ಯಾನ್ ಪೇಜ್, ಪಿಕೆಜಿ-ಕಾನ್ಫಿಗ್, ಎನ್‌ಎಂ

ಉಬುಂಟು 22.04ರಲ್ಲಿ ಸಿ ಭಾಷೆಯ ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ವರ್ಗಮೂಲದ ಲೆಕ್ಕ, ಜೊತೆಜೊತೆಗೆ ಓಡುವ ಒಂದು ಥ್ರೆಡ್, ಪರದೆಯ ಮೇಲೆ ಬರೆಯಲು ಎನ್‌ಕರ್ಸಸ್ ಲೈಬ್ರರಿ. ಬೇರೆ ಯಂತ್ರಕ್ಕೂ ಒಯ್ಯಬೇಕೆಂದು ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳ ಕೋಡ್ ಪ್ರೋಗ್ರಾಂ ಒಳಗೇ ಸೇರುವಂತೆ, ಕಟ್ಟಲು ಹೊರಟೆ. ಕಂಪೈಲ್ ಆಯಿತು, ಲಿಂಕ್ (ಲೈಬ್ರರಿಗಳ ಜೊತೆ ಜೋಡಣೆ) ಆಗಲಿಲ್ಲ. 'ಅನ್‌ಡಿಫೈನ್ಡ್ ರೆಫರೆನ್ಸ್', ಅಂದರೆ ಕರೆದ ಫಂಕ್ಷನ್ನಿನ ಕೋಡ್ ಸಿಗಲಿಲ್ಲ ಎನ್ನುವ ಸಾಲುಗಳು ಪರದೆ ತುಂಬ. ಹೆಡರ್ ಸೇರಿಸಿದ್ದೇನಲ್ಲ ಅನಿಸುತ್ತದೆ, ಅಲ್ವಾ? ಹೆಡರ್ ಫಂಕ್ಷನ್ನನ್ನು ಹೇಗೆ ಕರೆಯಬೇಕು ಅಂತ ಮಾತ್ರ ಹೇಳುತ್ತದೆ. ಅದರ ಕೋಡ್ ಯಾವ ಲೈಬ್ರರಿಯಲ್ಲಿದೆ ಅನ್ನುವುದನ್ನು ನಾವೇ ಹುಡುಕಬೇಕು. ಮೂರು ದಾರಿ ಹಿಡಿದು ನೋಡಿದೆ.

ಮೊದಲು ಮ್ಯಾನ್ ಪೇಜ್, ಅಂದರೆ ಯಂತ್ರದಲ್ಲೇ ಇರುವ ಕೈಪಿಡಿ. ವರ್ಗಮೂಲದ ಫಂಕ್ಷನ್ನಿಗೆ ಗಣಿತದ ಲೈಬ್ರರಿ ಸೇರಿಸುವ '-ಎಲ್‌ಎಂ' ಹಾಕಿ ಅಂತ ನೇರವಾಗಿ ಬರೆದಿದೆ. ಅರ್ಧ ನಿಮಿಷದ ಕೆಲಸ. ಆದರೆ ಥ್ರೆಡ್ ಪೇಜಿನಲ್ಲಿ '-ಪಿಥ್ರೆಡ್' ಬೇಕು ಅಂತಿದೆ. ಅದಿಲ್ಲದೆಯೂ ನನ್ನದು ಲಿಂಕ್ ಆಯಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ, 2021ರ 2.34ನೇ ಆವೃತ್ತಿಯಿಂದ ಥ್ರೆಡ್ ಕೋಡ್ ಮುಖ್ಯ ಲೈಬ್ರರಿಯೊಳಗೇ ಸೇರಿದೆ. ಪೇಜ್ ಹಳೆಯದು, ಯಂತ್ರ ಹೊಸದು. ಆದರೂ '-ಪಿಥ್ರೆಡ್' ಹಾಕುವುದೇ ಒಳ್ಳೆಯದು, ಹಳೆಯ ಯಂತ್ರಗಳಲ್ಲಿ ಬೇಕಾಗುತ್ತದೆ.

ಎರಡನೆಯದು ಪಿಕೆಜಿ-ಕಾನ್ಫಿಗ್, ಒಂದು ಲೈಬ್ರರಿಗೆ ಏನೇನು ಲಿಂಕ್ ಮಾಡಬೇಕು ಅಂತ ಹೇಳುವ ಕಮಾಂಡ್. ಹೊರಗಿನ ಲೈಬ್ರರಿಗಳಿಗೆ ತುಂಬ ಸಲೀಸು. '--ಲಿಬ್ಸ್ ಎನ್‌ಕರ್ಸಸ್' ಎಂದರೆ ಎನ್‌ಕರ್ಸಸ್ ಜೊತೆಗೆ ಟಿಇನ್ಫೋ ಎನ್ನುವ ಇನ್ನೊಂದು ಲೈಬ್ರರಿ ಕೂಡ ಬೇಕು ಅಂತ ಹೇಳಿಬಿಟ್ಟಿತು. ನನಗೆ ಸಿಕ್ಕದಿದ್ದ ಕೊಂಡಿ ಅದೇ. ಆದರೆ ಪ್ಯಾಕೇಜಿನ ಹೆಸರು ಮೊದಲೇ ಗೊತ್ತಿರಬೇಕು. ಕೈಯಲ್ಲಿ ಬರೀ ಫಂಕ್ಷನ್ ಹೆಸರಿದ್ದರೆ ಅದಕ್ಕೆ ಏನೂ ಮಾಡಲಾಗುವುದಿಲ್ಲ.

ಆಗ ಬೇಕಾಗುವುದು ಎನ್‌ಎಂ, ಫೈಲಿನೊಳಗಿನ ಫಂಕ್ಷನ್ ಹೆಸರುಗಳನ್ನು ಪಟ್ಟಿ ಮಾಡುವ ಕಮಾಂಡ್. ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ, ಏಕೆಂದರೆ ಇದು ಯಾರೋ ಬರೆದಿಟ್ಟದ್ದನ್ನು ಓದುವುದಿಲ್ಲ, ಲೈಬ್ರರಿಯ ಒಳಗನ್ನೇ ನೋಡುತ್ತದೆ. ಕಲಿಯಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು. ಗಣಿತದ ಲೈಬ್ರರಿಯ '.ಎಸ್‌ಒ' (ಪ್ರೋಗ್ರಾಂ ಓಡುವಾಗ ಸೇರುವ ಲೈಬ್ರರಿ) ಫೈಲ್ ಕೊಟ್ಟರೆ, ಈ ಫೈಲಿನ ಬಗೆ ಗೊತ್ತಾಗುತ್ತಿಲ್ಲ ಎಂದಿತು. ತೆರೆದು ನೋಡಿದರೆ ಅದು ಲಿಂಕರ್‌ಗೆ, ಅಂದರೆ ಲಿಂಕ್ ಮಾಡುವ ಪ್ರೋಗ್ರಾಂಗೆ, ಬರೆದ ಒಂದು ಚೀಟಿ, ಅಷ್ಟೇ. ನಿಜವಾದ ಲೈಬ್ರರಿಯ ಹೆಸರಿನ ಕೊನೆಗೆ '.6' ಇದೆ. ಅದನ್ನು ಕೊಟ್ಟರೆ 'ಸಿಂಬಲ್‌ಗಳೇ (ಹೆಸರುಗಳೇ) ಇಲ್ಲ' ಎಂದಿತು. ದೊಡ್ಡಕ್ಷರದ '-ಡಿ' ಸೇರಿಸಿದ ಮೇಲೆ ಪಟ್ಟಿ ಬಂತು. ಸ್ಟ್ಯಾಟಿಕ್ ಲೈಬ್ರರಿಗಳಾದ '.ಎ' ಫೈಲುಗಳಿಗೆ ಸಾಮಾನ್ಯವಾಗಿ ಆ '-ಡಿ' ಬೇಕಿಲ್ಲ. ದೊಡ್ಡಕ್ಷರದ '-ಎ' ಹಾಕಿದರೆ ಪ್ರತಿ ಸಾಲಿನ ಮುಂದೆ ಫೈಲ್ ಹೆಸರು ಬರುತ್ತದೆ, ಸಾಲು ಹುಡುಕುವ ಗ್ರೆಪ್ ಕಮಾಂಡಿನಿಂದ ಹುಡುಕಬಹುದು. ಹೆಸರಿನ ಎದುರು 'ಟಿ' ಇದ್ದರೆ ಕೋಡ್ ಅಲ್ಲಿದೆ. 'ಯು' ಇದ್ದರೆ ಆ ಫೈಲಿಗೂ ಅದು ಹೊರಗಿನಿಂದ ಬೇಕು. ಈ ಎರಡನ್ನು ಬೇರೆ ಮಾಡಿ ನೋಡದೆ ನಾನು ಒಂದು ಸಂಜೆ ಕಳೆದೆ.

ಈಗ ಸಿ ಲೈಬ್ರರಿಯ ಫಂಕ್ಷನ್ ಆದರೆ ಮ್ಯಾನ್ ಪೇಜ್, ಹೊರಗಿನದಾದರೆ ಪಿಕೆಜಿ-ಕಾನ್ಫಿಗ್, ಎರಡೂ ಕೈಕೊಟ್ಟಾಗ ಎನ್‌ಎಂ. ಹೆಸರು ಸಿಕ್ಕ ಮೇಲೆ ಲಿಂಕ್ ಕಮಾಂಡಿನಲ್ಲಿ ಲೈಬ್ರರಿಗಳ ಕ್ರಮ ನೋಡಿಕೊಳ್ಳಿ. ಟಿಇನ್ಫೋ ಮೊದಲು, ಎನ್‌ಕರ್ಸಸ್ ಆಮೇಲೆ ಬರೆದಾಗ ನನ್ನದು ಮತ್ತೆ ನಿಂತಿತ್ತು. ಸ್ಟ್ಯಾಟಿಕ್ ಲೈಬ್ರರಿಗಳನ್ನು ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಆ ಹೊತ್ತಿಗೆ ಬೇಕಾದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎನ್‌ಕರ್ಸಸ್‌ಗೆ ಟಿಇನ್ಫೋ ಬೇಕು, ಹಾಗಾಗಿ ಕೇಳುವವರು ಮೊದಲು, ಕೊಡುವವರು ಆಮೇಲೆ.